ಹಾಸಿಗೆ: ಅರಳೆ, ನಾರು, ರಬ್ಬರ್ ಹಾಲು

ಸಸ್ಯ ಅಥವಾ ಪ್ರಾಣಿಮೂಲದ ವಸ್ತುಗಳಿಂದ ತಯಾರಾಗಿ, ಮಲಗುವ ಕೋಣೆಯ ಗಾಳಿಗೆ ರಾಸಾಯನಿಕ ಆವಿಯನ್ನು ಆದಷ್ಟು ಕಡಿಮೆ ಬಿಡುವ ಹಾಸಿಗೆ ಮಾರುಕಟ್ಟೆಯಲ್ಲಿ ಸಹಜ, ನ್ಯಾಚುರಲ್, ಆರ್ಗ್ಯಾನಿಕ್ ಎಂಬ ಹೆಸರುಗಳಿಂದ ಮಾರಾಟವಾಗುತ್ತದೆ. ಹತ್ತಿಯ ಅರಳೆ, ಬೂರುಗದ ಅರಳೆ, ತೆಂಗಿನ ನಾರು, ರಬ್ಬರ್ ಮರದ ಹಾಲಿನಿಂದ ಮಾಡಿದ ಲೇಟೆಕ್ಸ್ ಫೋಮ್, ಕುರಿಯ ಉಣ್ಣೆ ಇದರ ಮುಖ್ಯ ಸಾಮಗ್ರಿಗಳು. ಇವಕ್ಕೆ ಪ್ರತಿಸ್ಪರ್ಧಿ ಪೆಟ್ರೋಲಿಯಂ ಮೂಲದ ಪಾಲಿಯುರಿಥೇನ್ ಫೋಮ್. ಪ್ರತಿಸ್ಪರ್ಧಿ ಎಂದರೂ ಎರಡೂ ಒಂದೇ ಹೊದಿಕೆಯೊಳಗೆ ಜೊತೆಯಾಗಿ ಮಲಗಿರುವುದೇ ಹೆಚ್ಚು. ಕಾಯರ್ ಹಾಸಿಗೆ, ಅಂದರೆ ತೆಂಗಿನ ನಾರಿನದು, ಎಂದು ಕೊಂಡದ್ದರ ಮೇಲ್ಪದರದಲ್ಲಿ ಫೋಮ್ ಇರುತ್ತದೆ. ಲೇಟೆಕ್ಸ್ ಎಂದು ಕೊಂಡದ್ದರ ತಳದಲ್ಲಿ ಫೋಮ್ ಇರುತ್ತದೆ. ಹಾಗಾಗಿ ಹಾಸಿಗೆಯ ಹೆಸರು ನೋಡಿ ಆರಿಸುವುದರಿಂದ ಪ್ರಯೋಜನವಿಲ್ಲ. ಅದರ ಪದರಗಳನ್ನು ಒಂದೊಂದಾಗಿ ಕೇಳಿ ತಿಳಿಯಬೇಕು.

ಹಿನ್ನೆಲೆ

ಕರ್ನಾಟಕದಲ್ಲಿ ದಪ್ಪ ಹಾಸಿಗೆ ಹಿಂದೆ ಎಲ್ಲರ ಮನೆಯ ಸ್ವತ್ತಾಗಿರಲಿಲ್ಲ. ಚಾಪೆ, ಕಂಬಳಿ, ನವಲಗುಂದದ ಜಮಖಾನ, ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಕೌದಿ ಇವೇ ದಿನಬಳಕೆಯ ಹಾಸು. ಅರಳೆ ತುಂಬಿದ ಹಾಸಿಗೆಯನ್ನು, ಉತ್ತರ ಕರ್ನಾಟಕದವರ ಮಾತಿನಲ್ಲಿ ಗಾದಿಯನ್ನು, ಮಾಡಿಕೊಡುತ್ತಿದ್ದವರು ಪಿಂಜಾರರು. ನದಾಫರು ಎಂದೂ ಇವರನ್ನು ಕರೆಯುತ್ತಾರೆ. ಪಿಂಜಾರ ತನ್ನ ಉದ್ದನೆಯ ಬಿಲ್ಲನ್ನು ಹೆಗಲಿಗೇರಿಸಿ ಊರಿಗೆ ಬಂದರೆ ಕೆಲಸ ನಡೆಯುತ್ತಿದ್ದುದು ಕೊಳ್ಳುವವರ ಅಂಗಳದಲ್ಲೇ. ಬಿಲ್ಲಿನ ಬಿಗಿದ ತಂತಿಯನ್ನು ಅರಳೆಯ ಗುಡ್ಡೆಗೆ ತಾಗಿಸಿ ಮರದ ಬಡಿಗೆಯಿಂದ ಮೀಟಿದರೆ, ಆ ಕಂಪನಕ್ಕೆ ಗಂಟುಗಟ್ಟಿದ ಅರಳೆ ಎಳೆ ಎಳೆಯಾಗಿ ಬಿಡಿಸಿಕೊಂಡು ಹಾರುತ್ತದೆ, ಕಸ ಮತ್ತು ಬೀಜದ ಚೂರು ಕೆಳಗೆ ಉದುರುತ್ತವೆ. ಹಿಂಜಿದ ಅರಳೆಯನ್ನು ಚೀಲಕ್ಕೆ ತುಂಬಿ, ಕೋಲಿನಿಂದ ಹೊಡೆದು ಸಮಮಾಡಿ, ದಪ್ಪ ದಾರದಿಂದ ಅಲ್ಲಲ್ಲಿ ಟಾಕು ಹಾಕಿದರೆ ಹಾಸಿಗೆ ಸಿದ್ಧ. ಅಂಟಿಲ್ಲ, ಫೋಮ್ ಇಲ್ಲ, ಒಳಗೆ ಏನು ಹೋಯಿತೆಂಬುದನ್ನು ಮನೆಯವರೆಲ್ಲ ಕಣ್ಣಾರೆ ಕಂಡಿರುತ್ತಿದ್ದರು. ಇಂದಿನ ಯಾವ ಪ್ರಮಾಣಪತ್ರವೂ ಇಷ್ಟು ನೇರವಾದ ಪರಿಶೀಲನೆಯನ್ನು ಕೊಡಲಾರದು.

ಕೈಗಾರಿಕೆಯ ಹಾಸಿಗೆ ಬಂದದ್ದು 20ನೆಯ ಶತಮಾನದಲ್ಲಿ. 1929ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಡನ್‌ಲಪ್ ಕಂಪನಿಯ ಪ್ರಯೋಗಾಲಯದವರು ರಬ್ಬರ್ ಹಾಲನ್ನು ಕಡೆದು ನೊರೆಯೆಬ್ಬಿಸಿ ಗಟ್ಟಿಗೊಳಿಸುವ ವಿಧಾನವನ್ನು ಕಂಡುಕೊಂಡರು. ಆ ವಿಧಾನ ಇಂದಿಗೂ ಅದೇ ಹೆಸರಿನಲ್ಲಿ ಬಳಕೆಯಲ್ಲಿದೆ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರಿಥೇನ್ ರಸಾಯನವನ್ನು ರೂಪಿಸಿದರು. 1950ರ ದಶಕದಲ್ಲಿ ಮೆತ್ತನೆಯ ಫೋಮ್ ಮಾರುಕಟ್ಟೆಗೆ ಬಂತು. ಒತ್ತಿದರೆ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಮಾಡಿದ ವಿಮಾನದ ಆಸನದ ಕೆಲಸದಿಂದ ಹುಟ್ಟಿದ್ದು. ಅದೂ ಪಾಲಿಯುರಿಥೇನಿನ ಒಂದು ಬಗೆಯೇ. ಭಾರತದಲ್ಲಿ ರಬ್ಬರೀಕೃತ ತೆಂಗಿನ ನಾರಿನ ಹಾಸಿಗೆಯನ್ನು ಮನೆಮಾತಾಗಿಸಿದ್ದು 1962ರಲ್ಲಿ ಮಣಿಪಾಲ ಸಮೂಹದಿಂದ ಹುಟ್ಟಿದ ಕರ್ಲಾನ್. ಆ ಕಂಪನಿಯನ್ನು 2023ರಲ್ಲಿ ಕೊಂಡದ್ದು ಸ್ಲೀಪ್‌ವೆಲ್ ಹಾಸಿಗೆಗಳನ್ನು ತಯಾರಿಸುವ ಶೀಲಾ ಫೋಮ್. ನಾರಿನಿಂದ ಹೆಸರು ಮಾಡಿದ ಸಂಸ್ಥೆ ಫೋಮಿನ ಸಂಸ್ಥೆಯ ಕೈಸೇರಿದ್ದು ಈ ಉದ್ಯಮ ಸಾಗಿದ ದಿಕ್ಕನ್ನು ತೋರಿಸುತ್ತದೆ.

ಹಾಸಿಗೆಯಿಂದ ಹೊರಬರುವುದೇನು

ಹೊಸ ಹಾಸಿಗೆಯ ಪ್ಲಾಸ್ಟಿಕ್ ಹರಿದೊಡನೆ ಮೂಗಿಗೆ ಬಡಿಯುವ ವಾಸನೆ ಆವಿಶೀಲ ಸಾವಯವ ಸಂಯುಕ್ತಗಳದು. ಸುಮಾರು 50ರಿಂದ 260 ಡಿಗ್ರಿ ಸೆಲ್ಸಿಯಸ್ ನಡುವೆ ಕುದಿಯುವ, ಕೋಣೆಯ ತಾಪದಲ್ಲೇ ಸ್ವಲ್ಪಸ್ವಲ್ಪವಾಗಿ ಆವಿಯಾಗುವ ಇಂಗಾಲದ ಸಂಯುಕ್ತಗಳನ್ನು ಈ ಹೆಸರಿನಿಂದ ಗುರುತಿಸುತ್ತಾರೆ, ಬಳಕೆಯಲ್ಲಿ ವಿಒಸಿ. ಪಾಲಿಯುರಿಥೇನ್ ಫೋಮ್ ತಯಾರಾಗುವುದು ಪಾಲಿಯಾಲ್ ಮತ್ತು ಐಸೊಸಯನೇಟ್ ಎಂಬ ಎರಡು ದ್ರವಗಳ ಕೂಟದಿಂದ. ಐಸೊಸಯನೇಟ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶಕ್ಕೆ ಅಪಾಯಕಾರಿ, ಆಸ್ತಮಾ ತರಬಲ್ಲದು. ಆದರೆ ಪೂರ್ತಿ ಪಕ್ವವಾದ ಫೋಮಿನಲ್ಲಿ ಅದು ಬಿಡಿಯಾಗಿ ಉಳಿಯುವುದು ಅತ್ಯಲ್ಪ. ಮನೆಯಲ್ಲಿ ಮೂಗಿಗೆ ಬರುವುದು ಬಹುಮಟ್ಟಿಗೆ ಫೋಮಿನಲ್ಲಿ ಉಳಿದ ಅಮೀನ್ ವೇಗವರ್ಧಕಗಳು, ನೊರೆಯೆಬ್ಬಿಸಲು ಸೇರಿಸಿದ ದ್ರವ್ಯಗಳು ಮತ್ತು ಪದರಗಳನ್ನು ಕೂಡಿಸುವ ಅಂಟಿನ ದ್ರಾವಕಗಳು. ಈ ವಾಸನೆಯ ಬಹುಭಾಗ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ.

ಪ್ರಯೋಗಾಲಯದ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಪರೀಕ್ಷೆಯ ಕೋಣೆ ಸಾಮಾನ್ಯವಾಗಿ 23 ಡಿಗ್ರಿ ತಾಪದಲ್ಲಿ, 50 ಶೇಕಡಾ ತೇವದಲ್ಲಿ ಇರುತ್ತದೆ. ಮಲಗಿದ ಮೈ ಹಾಸಿಗೆಯನ್ನು ಬಿಸಿಮಾಡುತ್ತದೆ, ಬೆವರು ತೇವ ಸೇರಿಸುತ್ತದೆ. 2019ರಲ್ಲಿ ಇಸ್ರೇಲಿನ ಸಂಶೋಧಕರು ಪಾಲಿಯುರಿಥೇನ್ ಹಾಸಿಗೆಗಳನ್ನು ನಿದ್ದೆಯ ಸ್ಥಿತಿಗೆ ಹತ್ತಿರವಾದ ತಾಪ ಮತ್ತು ತೇವದಲ್ಲಿ ಇಟ್ಟು ಅಳೆದಾಗ ಹೊರಸೂಸುವಿಕೆ ಹೆಚ್ಚಾದದ್ದು ಕಂಡಿತು. ರಾಯಚೂರಿನ ಮೇ ತಿಂಗಳ ರಾತ್ರಿಯಾಗಲಿ ಮಂಗಳೂರಿನ ಜುಲೈ ರಾತ್ರಿಯಾಗಲಿ ಯುರೋಪಿನ ಪರೀಕ್ಷಾ ಕೋಣೆಯಂತೆ ಇರುವುದಿಲ್ಲ ಎಂಬುದನ್ನು ಇದರೊಂದಿಗೆ ಸೇರಿಸಿ ಓದಬೇಕು. ಹಾಗೆಂದು ಫೋಮ್ ಹಾಸಿಗೆಯಲ್ಲಿ ಮಲಗಿದವರೆಲ್ಲ ಕಾಯಿಲೆ ಬೀಳುತ್ತಾರೆ ಎನ್ನಲು ಆಧಾರವಿಲ್ಲ. ಅಳತೆಗೆ ಸಿಕ್ಕ ಪ್ರಮಾಣಗಳು ಬಹುಪಾಲು ಸಣ್ಣವು. ಆಸ್ತಮಾ ಇರುವವರು, ವಾಸನೆಗೆ ತಲೆನೋವು ಬರುವವರು, ದಿನದ ಹೆಚ್ಚು ಹೊತ್ತು ಹಾಸಿಗೆಗೆ ಮುಖ ಹತ್ತಿರವಿಟ್ಟು ಮಲಗುವ ಶಿಶುಗಳು ಇರುವ ಮನೆಗಳಿಗೆ ಈ ಚರ್ಚೆ ಹೆಚ್ಚು ಮುಖ್ಯ.

ಫಾರ್ಮಾಲ್ಡಿಹೈಡ್ ಬೇರೆಯೇ ಕತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, 30 ನಿಮಿಷಗಳ ಸರಾಸರಿಯಲ್ಲಿ, ಒಂದು ಘನ ಮೀಟರಿಗೆ 0.1 ಮಿಲಿಗ್ರಾಂ. ಹಾಸಿಗೆಯಲ್ಲಿ ಇದು ಬರುವುದು ಸುಕ್ಕುಗಟ್ಟದಂತೆ ರಾಳ ಹಚ್ಚಿದ ಹೊದಿಕೆ ಬಟ್ಟೆಯಿಂದ ಮತ್ತು ಕೆಲವು ಅಂಟುಗಳಿಂದ. ಆದರೆ ನಿಜ ಹೇಳಬೇಕೆಂದರೆ ಮಲಗುವ ಕೋಣೆಯಲ್ಲಿ ಇದರ ದೊಡ್ಡ ಮೂಲ ಹಾಸಿಗೆಗಿಂತ ಅದರ ಕೆಳಗಿನ ಮಂಚ ಮತ್ತು ಪಕ್ಕದ ಬೀರು ಆಗಿರುವುದೇ ಹೆಚ್ಚು. ಅಗ್ಗದ ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಗಳನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಒತ್ತಿರುತ್ತಾರೆ. ಸಾವಯವ ಹಾಸಿಗೆಗೆ ದುಬಾರಿ ಬೆಲೆ ತೆತ್ತು ಹೊಸ ಎಂಡಿಎಫ್ ಮಂಚದ ಮೇಲೆ ಹಾಸುವವರು ಈ ಲೆಕ್ಕವನ್ನು ಮರೆತಿರುತ್ತಾರೆ.

ಬೆಂಕಿ ತಡೆಯುವ ರಾಸಾಯನಿಕಗಳದು ಮೂರನೆಯ ಗುಂಪು. ಹಿಂದೆ ಫೋಮಿಗೆ ಬೆರೆಸುತ್ತಿದ್ದ ಪೆಂಟಾಬಿಡಿಇ ಎಂಬ ಬ್ರೋಮಿನ್ ಸಂಯುಕ್ತ ದೇಹದ ಕೊಬ್ಬಿನಲ್ಲಿ ಕೂಡಿಬಿಡುವುದರಿಂದ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಭಾರತ ಅದನ್ನು 2018ರ ನಿಯಮಗಳಲ್ಲಿ ನಿಷೇಧಿಸಿತು. ಅಮೆರಿಕದಲ್ಲಿ 2007ರ ಜುಲೈಯಿಂದ ಪ್ರತಿ ಹಾಸಿಗೆಯೂ ತೆರೆದ ಜ್ವಾಲೆಯ ಪರೀಕ್ಷೆಯನ್ನು ಪಾಸು ಮಾಡಬೇಕು. ಅಲ್ಲಿ ಅಗ್ಗದ ದಾರಿ ಹಿಡಿದ ತಯಾರಕರು ಹೊದಿಕೆಯ ಒಳಗೆ ಗಾಜಿನ ನಾರಿನ ಚೀಲ ಹಾಕಿದರು. ಒಗೆಯಲೆಂದು ಜಿಪ್ ತೆರೆದವರ ಮನೆ ತುಂಬ ಗಾಜಿನ ಧೂಳು ಹರಡಿ ದೂರುಗಳು ಬಂದವು. ಕ್ಯಾಲಿಫೋರ್ನಿಯ ರಾಜ್ಯ 2027ರ ಜನವರಿಯಿಂದ ಹಾಸಿಗೆಗಳಲ್ಲಿ ಗಾಜಿನ ನಾರನ್ನು ನಿಷೇಧಿಸುವ ಕಾನೂನು ಮಾಡಿದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಅಗ್ಗದ ಪೆಟ್ಟಿಗೆ ಹಾಸಿಗೆ ಕೊಳ್ಳುವಾಗ ಲೇಬಲ್ಲಿನಲ್ಲಿ ಗ್ಲಾಸ್ ಫೈಬರ್ ಎಂಬ ಪದವಿದೆಯೇ ನೋಡಬೇಕು. ಅಲ್ಲಿನ ಸಹಜ ಹಾಸಿಗೆಗಳು ಜ್ವಾಲೆಯ ಪರೀಕ್ಷೆಯನ್ನು ಉಣ್ಣೆಯ ಪದರದಿಂದಲೇ ದಾಟುತ್ತವೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದೆ ಕರಕಾಗಿ ನಂದುತ್ತದೆ.

ಹತ್ತಿ ಮತ್ತು ಬೂರುಗ

ಹಾಸಿಗೆಗೆ ಒಳ್ಳೆಯದು ನೂಲಿಗೆ ಹೇಳಿಮಾಡಿಸಿದ ಉದ್ದ ಎಳೆಯ ಹತ್ತಿಯಲ್ಲ. ಒರಟಾದ, ಗಿಡ್ಡ ಎಳೆಯ, ಒತ್ತಿದರೆ ಮತ್ತೆ ಉಬ್ಬುವ ದೇಶಿ ಹತ್ತಿ. ಧಾರವಾಡ ಸೀಮೆಯ ಜಯಧರ ಇಂಥ ತಳಿ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಇಂಥ ತಳಿಗಳ ಬಿತ್ತನೆ ಬಹಳ ಕುಗ್ಗಿತು. ಸಾವಯವ ಹತ್ತಿಯ ಉತ್ಪಾದನೆಯಲ್ಲಿ ಭಾರತ ಜಗತ್ತಿನಲ್ಲೇ ಮುಂದಿದೆ, ಅದರಲ್ಲೂ ಮಧ್ಯಪ್ರದೇಶದ ಪಾಲು ದೊಡ್ಡದು. ಆ ಹತ್ತಿಯ ಬಹುಭಾಗ ಹೋಗುವುದು ಬಟ್ಟೆಯ ಗಿರಣಿಗೆ.

ಇಂದು ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಹತ್ತಿ ಹಾಸಿಗೆಯಲ್ಲಿ ಇರುವುದು ಹತ್ತಿಯೇ ಎಂಬ ಖಾತ್ರಿಯಿಲ್ಲ. ಗಾರ್ಮೆಂಟ್ ಕಾರ್ಖಾನೆಗಳ ಕತ್ತರಿ ಚೂರುಗಳನ್ನು ಯಂತ್ರದಲ್ಲಿ ಹರಿದು ಮಾಡಿದ ಅರಳೆ ತುಂಬಿರುವುದುಂಟು. ಹೊಲಿಗೆಯನ್ನು ಒಂದು ಬೆರಳಿನಷ್ಟು ಬಿಚ್ಚಿಸಿ ಒಳಗಿನದನ್ನು ಎಳೆದು ನೋಡಿದರೆ ಗುಟ್ಟು ಬಯಲಾಗುತ್ತದೆ. ಶುದ್ಧ ಅರಳೆ ಕೆನೆಬಣ್ಣದ್ದು, ಅಲ್ಲಲ್ಲಿ ಬೀಜದ ಕಂದು ಚುಕ್ಕೆಯಿರುತ್ತದೆ. ಚಿಂದಿಯ ಅರಳೆ ಬೂದುಬಣ್ಣದ್ದು. ಬೆಳಕಿಗೆ ಹಿಡಿದರೆ ನೀಲಿ, ಕೆಂಪು, ಹಸಿರು ಎಳೆಗಳು ಕಾಣುತ್ತವೆ. ಒಂದು ಚಿಟಿಕೆಯನ್ನು ಹೊರಗೆ ಬಯಲಿನಲ್ಲಿ ಚಿಮಟದಿಂದ ಹಿಡಿದು ಸುಟ್ಟರೆ ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಪುಡಿಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬಣ್ಣದ ಚಿಂದಿಯಲ್ಲಿ ಬಟ್ಟೆಗೆ ಹಾಕಿದ ಬಣ್ಣ, ರಾಳ, ಮೆದುಕಾರಕಗಳೆಲ್ಲ ಉಳಿದಿರುತ್ತವೆ. ಆದ್ದರಿಂದ ಅದು ಕಡಿಮೆ ಹೊರಸೂಸುವ ಹಾಸಿಗೆಯ ಲೆಕ್ಕಕ್ಕೆ ಬಾರದು.

ಅರಳೆ ಹಾಸಿಗೆಯ ದೋಷಗಳೂ ಸಣ್ಣವಲ್ಲ. ಭಾರ ಹೆಚ್ಚು, ವರ್ಷ ಎರಡು ವರ್ಷಕ್ಕೆ ತಗ್ಗುದಿಣ್ಣೆಯಾಗುತ್ತದೆ, ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಿಂಜುವಾಗ ಏಳುವ ಧೂಳು ಕೆಲಸಗಾರರಿಗೆ ಉಬ್ಬಸ ತರುತ್ತದೆ. ಇಂದು ಬಿಲ್ಲಿನ ಜಾಗದಲ್ಲಿ ವಿದ್ಯುತ್ ಯಂತ್ರ ಬಂದಿದ್ದರೂ ಧೂಳಿನ ಸಮಸ್ಯೆ ಕಡಿಮೆಯಾಗಿಲ್ಲ. ಬೂರುಗದ ಅರಳೆ ಇದಕ್ಕಿಂತ ಹಗುರ. ಕೆಂಪು ಹೂವಿನ ಕಾಡು ಬೂರುಗ ಮತ್ತು ಬಿಳಿ ಬೂರುಗ ಎರಡರ ಕಾಯಿಯಿಂದಲೂ ಅರಳೆ ಸಿಗುತ್ತದೆ. ಇದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ, ಹಾಗಾಗಿ ನೀರು ಹಿಡಿಯುವುದಿಲ್ಲ. ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗೂ ಇದನ್ನು ತುಂಬುತ್ತಿದ್ದರು. ತಮಿಳುನಾಡಿನ ಬೋಡಿನಾಯಕನೂರು ಇದರ ವ್ಯಾಪಾರಕ್ಕೆ ಹೆಸರಾದ ಊರು. ದಿಂಬಿಗೆ ಇದು ಉತ್ತಮ. ಪೂರ್ತಿ ಹಾಸಿಗೆಗೆ ಬಳಸಿದರೆ ಬೇಗ ಚಪ್ಪಟೆಯಾಗುತ್ತದೆ.

ತೆಂಗಿನ ನಾರು

ಹಾಸಿಗೆಗೆ ಬೇಕಾದದ್ದು ಬಲಿತ ಕಾಯಿಯ ಸಿಪ್ಪೆಯ ಕಂದು ನಾರು. ಹಸಿ ಸಿಪ್ಪೆಯ ಬಿಳಿ ನಾರು ಹಗ್ಗಕ್ಕೆ, ಚಾಪೆಗೆ. ನಾರಿನಲ್ಲಿ ಲಿಗ್ನಿನ್ ಅಂಶ ಬಹಳ ಹೆಚ್ಚಿರುವುದರಿಂದ ಬೇಗ ಕೊಳೆಯದು, ಗಾಳಿಯನ್ನೂ ಸಲೀಸಾಗಿ ಆಡಗೊಡುತ್ತದೆ. ಕೊಬ್ಬರಿಯ ಸೀಮೆಗಳಾದ ತಿಪಟೂರು, ಅರಸೀಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಸಿಪ್ಪೆಗೆ ಕೊರತೆಯಿಲ್ಲ. ನಾರಿನ ಉದ್ಯಮವನ್ನು ನೋಡಿಕೊಳ್ಳುವ ಕಾಯರ್ ಬೋರ್ಡ್ 1953ರ ಕಾಯ್ದೆಯಿಂದ ರಚನೆಯಾದದ್ದು, ಕೇಂದ್ರ ಕಚೇರಿ ಕೊಚ್ಚಿಯಲ್ಲಿ. ಅದರ ಕೇಂದ್ರೀಯ ಕಾಯರ್ ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಪೀಣ್ಯದಲ್ಲಿದೆ.

ನಾರು ಹಾಸಿಗೆಯಾಗುವ ಬಗೆ ಸ್ವಾರಸ್ಯಕರ. ಬಿಡಿ ನಾರನ್ನು ಮೊದಲು ಬಿಗಿಯಾಗಿ ಹೊಸೆದು ಹಗ್ಗ ಮಾಡುತ್ತಾರೆ. ಆ ಹಗ್ಗ ಹಾಗೆಯೇ ಕೆಲವು ಕಾಲ ಕೂತು ತಿರುಚು ನೆಲೆಯಾದ ಮೇಲೆ ಅದನ್ನು ಮತ್ತೆ ಬಿಚ್ಚಿ ಬಿಡಿಸುತ್ತಾರೆ. ಈಗ ಪ್ರತಿ ಎಳೆಯೂ ಸಣ್ಣ ಸ್ಪ್ರಿಂಗಿನಂತೆ ಸುರುಳಿಗೊಂಡಿರುತ್ತದೆ. ಕಾಯರ್ ಹಾಸಿಗೆಯ ಪುಟಿತವೆಲ್ಲ ಈ ಸುರುಳಿಯದು. ಇದನ್ನು ತೆಳು ಹಾಳೆಯಾಗಿ ಹರಡಿ, ಎರಡೂ ಬದಿಯಿಂದ ರಬ್ಬರ್ ಹಾಲಿನ ಮಿಶ್ರಣ ಸಿಂಪಡಿಸಿ ಒಣಗಿಸಿ, ಹಾಳೆಗಳನ್ನು ಪೇರಿಸಿ ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಎಳೆಗಳು ಒಂದನ್ನೊಂದು ಮುಟ್ಟುವ ಬಿಂದುಗಳಲ್ಲಿ ರಬ್ಬರ್ ಗಂಟುಬಿದ್ದು ಹಿಡಿಯುತ್ತದೆ. ಇಂಥ ಹಾಳೆಗಳಿಗೆ ಭಾರತೀಯ ಮಾನಕ ಬ್ಯೂರೊ ಐಎಸ್ 8391 ಎಂಬ ಮಾನಕ ನಿಗದಿಪಡಿಸಿದೆ. ಕೇರಳದ ಸಹಕಾರಿ ಸಂಸ್ಥೆ ಕಾಯರ್‌ಫೆಡ್ ಕೂಡ ಈ ಬಗೆಯ ಹಾಸಿಗೆ ಮಾರುತ್ತದೆ.

ರಬ್ಬರ್ ಹಾಲು ಬೆರೆಸದ ಕಾಯರ್ ಹಾಸಿಗೆ ನಿಲ್ಲದು. ಹಾಗಾಗಿ ಕೇಳಬೇಕಾದ್ದು ಆ ಹಾಲು ಸಹಜವೇ, ಸಿಂಥೆಟಿಕ್ ಬೆರಕೆಯೇ ಎಂದು. ಅದಕ್ಕಿಂತ ದೊಡ್ಡ ಪ್ರಶ್ನೆ ಮೇಲ್ಪದರದ್ದು. ನಾರಿನ ಒರಟು ಮೈಗೆ ತಾಗದಿರಲಿ ಎಂದು ಅಂಗಡಿಯ ಬಹುತೇಕ ಕಾಯರ್ ಹಾಸಿಗೆಗಳಿಗೆ ಫೋಮಿನ ಹಾಳೆ ಅಂಟಿಸಿ, ಅದರ ಮೇಲೆ ಫೋಮ್ ತುಂಬಿದ ಕ್ವಿಲ್ಟ್ ಬಟ್ಟೆ ಹೊಲಿದಿರುತ್ತಾರೆ. ಮಲಗಿದವರ ಮೂಗಿಗೆ ಹತ್ತಿರವಿರುವುದು ಈ ಪದರವೇ. ನಾರಿನ ಮೇಲೆ ಹತ್ತಿಯ ಅಥವಾ ಉಣ್ಣೆಯ ಕ್ವಿಲ್ಟ್ ಹಾಕಿದ ಹಾಸಿಗೆ ಹುಡುಕಿದರೆ ಸಿಗುತ್ತದೆ, ಇಲ್ಲವಾದರೆ ಮಾಡಿಸಬಹುದು.

ರಬ್ಬರ್ ಹಾಲಿನ ಫೋಮ್

ಭಾರತದಲ್ಲಿ ವಾಣಿಜ್ಯ ರಬ್ಬರ್ ತೋಟ ಮೊದಲು ಬಂದದ್ದು 1902ರಲ್ಲಿ, ಕೇರಳದ ಪೆರಿಯಾರ್ ದಂಡೆಯ ತಟ್ಟೇಕ್ಕಾಡಿನಲ್ಲಿ. ಇಂದಿಗೂ ಕೇರಳವೇ ಮುಂದು. ಕರ್ನಾಟಕದಲ್ಲಿ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆ ರಬ್ಬರಿನ ನೆಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಅರಣ್ಯ ಅಭಿವೃದ್ಧಿ ನಿಗಮ ಇಲ್ಲಿ ರಬ್ಬರ್ ತೋಟಗಳನ್ನು ಎಬ್ಬಿಸಿತು.

ಮರದಿಂದ ಇಳಿದ ಹಾಲಿನಲ್ಲಿ ರಬ್ಬರಿನ ಅಂಶ 30ರಿಂದ 40 ಶೇಕಡಾ. ಹೆಪ್ಪುಗಟ್ಟದಿರಲು ಅಮೋನಿಯ ಸೇರಿಸಿ, ಯಂತ್ರದಲ್ಲಿ ತಿರುಗಿಸಿ 60 ಶೇಕಡಾಕ್ಕೆ ಗಟ್ಟಿಮಾಡುತ್ತಾರೆ. ಡನ್‌ಲಪ್ ವಿಧಾನದಲ್ಲಿ ಈ ಹಾಲನ್ನು ನೊರೆಯೆಬ್ಬಿಸಿ, ಹೆಪ್ಪುಕಾರಕ ಹಾಕಿ, ಅಚ್ಚಿಗೆ ಸುರಿದು ಹಬೆಯಲ್ಲಿ ಬೇಯಿಸುತ್ತಾರೆ. ತಳಕ್ಕೆ ಭಾರ ಇಳಿಯುವುದರಿಂದ ಅಡಿಭಾಗ ತುಸು ಗಟ್ಟಿ. ತಲಾಲೆ ವಿಧಾನದಲ್ಲಿ ಅಚ್ಚನ್ನು ಅರ್ಧ ತುಂಬಿ ನಿರ್ವಾತದಿಂದ ಉಬ್ಬಿಸಿ, ಹೆಪ್ಪುಗಟ್ಟುವಷ್ಟು ತಣಿಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ ನಂತರ ಬೇಯಿಸುತ್ತಾರೆ; ಇದು ಹೆಚ್ಚು ಮೆತ್ತಗೆ, ಹೆಚ್ಚು ಸಮ, ಬೆಲೆಯೂ ಹೆಚ್ಚು. ಹಾಸಿಗೆಯ ಮೈಯಲ್ಲಿ ಕಾಣುವ ಸಾಲು ತೂತುಗಳು ಅಂದಕ್ಕೆ ಮಾಡಿದವಲ್ಲ. ಒಳಗಿನವರೆಗೂ ಕಾವು ಮುಟ್ಟಲೆಂದು ಅಚ್ಚಿನಲ್ಲಿ ನಿಲ್ಲಿಸಿದ ಲೋಹದ ಕಡ್ಡಿಗಳ ಗುರುತು ಅವು.

ರಬ್ಬರನ್ನು ಪುಟಿಯುವಂತೆ ಮಾಡಲು ಗಂಧಕ, ಸತುವಿನ ಆಕ್ಸೈಡ್, ವೇಗವರ್ಧಕಗಳು ಬೇಕೇ ಬೇಕು. ಆದ್ದರಿಂದ ನೂರಕ್ಕೆ ನೂರು ಸಹಜ ಎಂಬ ಲೇಟೆಕ್ಸ್ ಹಾಸಿಗೆ ಅಕ್ಷರಶಃ ಇರಲಾರದು. ಒಳ್ಳೆಯ ಕಾರ್ಖಾನೆಗಳು ಬೇಯಿಸಿದ ಮೇಲೆ ಫೋಮನ್ನು ನೀರಿನಲ್ಲಿ ಹಲವು ಸಲ ತೊಳೆದು ಉಳಿಕೆಗಳನ್ನೂ ಪ್ರೋಟೀನುಗಳನ್ನೂ ತೆಗೆಯುತ್ತವೆ. ತೊಳೆದದ್ದು ಸಾಲದಿದ್ದರೆ ವೇಗವರ್ಧಕಗಳಿಂದ ನೈಟ್ರೊಸಮೀನ್ ಎಂಬ ಹಾನಿಕಾರಕ ಸಂಯುಕ್ತಗಳು ಉಳಿಯಬಹುದು. ಜರ್ಮನಿಯ ಕೊಲೋನ್‌ನ ಎಕೊ ಇನ್‌ಸ್ಟಿಟ್ಯೂಟ್ ಲೇಟೆಕ್ಸ್ ಹಾಸಿಗೆಗಳಲ್ಲಿ ಇದನ್ನೇ ವಿಶೇಷವಾಗಿ ಪರೀಕ್ಷಿಸುತ್ತದೆ. ಹೊಸ ಲೇಟೆಕ್ಸಿಗೆ ಸಿಹಿಯಾದ ರಬ್ಬರ್ ವಾಸನೆ ಇದ್ದೇ ಇರುತ್ತದೆ. ರಬ್ಬರ್ ಕೈಗವಸು ತೊಟ್ಟರೆ ತುರಿಕೆ ಬರುವವರು ಈ ಹಾಸಿಗೆ ಕೊಳ್ಳುವ ಮೊದಲು ವೈದ್ಯರನ್ನು ಕೇಳುವುದು ಲೇಸು.

ಲೇಟೆಕ್ಸ್ ಎಂಬ ಒಂದೇ ಹೆಸರಿನಲ್ಲಿ ಸ್ಟೈರೀನ್ ಮತ್ತು ಬ್ಯೂಟಡೈಯೀನ್‌ನಿಂದ ಮಾಡಿದ ಸಿಂಥೆಟಿಕ್ ರಬ್ಬರೂ, ಎರಡರ ಬೆರಕೆಯೂ ಮಾರಾಟವಾಗುತ್ತವೆ. ಕಣ್ಣಳತೆಯಿಂದ ಅವನ್ನು ಬೇರ್ಪಡಿಸಲಾಗದು. ಲೇಟೆಕ್ಸನ್ನು ಪಾಲಿಯುರಿಥೇನಿನಿಂದ ಬೇರ್ಪಡಿಸಲು ಮಾತ್ರ ತಕ್ಕಡಿ ಸಾಕು. ಸಹಜ ಲೇಟೆಕ್ಸಿನ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 65ರಿಂದ 95 ಕಿಲೊ, ಮನೆಬಳಕೆಯ ಫೋಮಿನದು ಬಹುಪಾಲು 40ರ ಒಳಗೆ. 72 ಇಂಚು ಉದ್ದ, 36 ಇಂಚು ಅಗಲ, 6 ಇಂಚು ದಪ್ಪದ ಒಂಟಿ ಹಾಸಿಗೆ ಪೂರ್ತಿ ಲೇಟೆಕ್ಸಿನದಾದರೆ ಸುಮಾರು 20 ಕಿಲೊ ತೂಗಬೇಕು. 8 ಕಿಲೊ ತೂಗಿದರೆ ಅದು ಫೋಮ್. ಕಣ್ಣೂರಿನ ಸಹಕಾರಿ ಸಂಸ್ಥೆ ರಬ್ಕೊ ಸೇರಿದಂತೆ ದಕ್ಷಿಣ ಭಾರತದಲ್ಲಿ ಸಹಜ ಲೇಟೆಕ್ಸ್ ಹಾಸಿಗೆ ಮಾಡುವವರು ಹಲವರಿದ್ದಾರೆ.

ಉಣ್ಣೆಯ ಮಾತು ಚಿಕ್ಕದು. ದಖನಿ ಕುರಿಯ ಉಣ್ಣೆ ಒರಟು, ಚಳ್ಳಕೆರೆಯ ಕಂಬಳಿಗೆ ಹೇಳಿಮಾಡಿಸಿದ್ದು. ಹಾಸಿಗೆಯೊಳಗೆ ತೆಳು ಪದರವಾಗಿ ಅದು ಬೆವರನ್ನು ಹೀರಿ ಬಿಡುತ್ತದೆ. ಪೂರ್ತಿ ಉಣ್ಣೆಯ ಹಾಸಿಗೆ ನಮ್ಮ ಹವೆಗೆ ಬೇಡ, ನುಸಿಯೂ ಬೀಳುತ್ತದೆ.

ಮುದ್ರೆಗಳು ಹೇಳುವುದೇನು

ಪ್ರಮಾಣಪತ್ರಗಳು ಮೂರು ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತವೆ, ಗೊಂದಲ ಹುಟ್ಟುವುದು ಇಲ್ಲೇ. ವಸ್ತು ಸಾವಯವವೇ ಎಂಬುದಕ್ಕೆ ಗಾಟ್ಸ್ ಮತ್ತು ಗೋಲ್ಸ್ ಎಂಬ ಮುದ್ರೆಗಳು. ಗಾಟ್ಸ್ ಬಟ್ಟೆ, ಹತ್ತಿ, ಉಣ್ಣೆಗೆ ಸಂಬಂಧಿಸಿದ್ದು. ಸಾವಯವ ಎಂದು ಬರೆಯಲು ಕನಿಷ್ಠ 95 ಶೇಕಡಾ, ಸಾವಯವ ಎಳೆಗಳಿಂದ ತಯಾರಾದದ್ದು ಎಂದು ಬರೆಯಲು ಕನಿಷ್ಠ 70 ಶೇಕಡಾ ಸಾವಯವ ಎಳೆ ಬೇಕು. ಗೋಲ್ಸ್ ಲೇಟೆಕ್ಸಿಗೆ, ಅದರಲ್ಲಿ 95 ಶೇಕಡಾ ಸಾವಯವ ಹಾಲು ಇರಬೇಕು. ಹಾನಿಕಾರಕ ಉಳಿಕೆಗಳಿವೆಯೇ ಎಂಬುದಕ್ಕೆ 1992ರಿಂದ ಇರುವ ಓಕೊ ಟೆಕ್ಸ್ ಸ್ಟ್ಯಾಂಡರ್ಡ್ 100. ಇದರ ಮೊದಲ ವರ್ಗ ಶಿಶುಗಳ ವಸ್ತುಗಳಿಗೆ, ಮಿತಿಗಳು ಅಲ್ಲಿ ಅತಿ ಬಿಗಿ. ಪಾಲಿಯೆಸ್ಟರ್ ಬಟ್ಟೆಗೂ ಓಕೊ ಟೆಕ್ಸ್ ಸಿಗಬಹುದು, ಏಕೆಂದರೆ ಅದು ಸಹಜತೆಯ ಮುದ್ರೆಯಲ್ಲ. ಗಾಳಿಗೆ ಎಷ್ಟು ಆವಿ ಬಿಡುತ್ತದೆ ಎಂಬುದಕ್ಕೆ ಗ್ರೀನ್‌ಗಾರ್ಡ್. ಅದರ ಗೋಲ್ಡ್ ಮಟ್ಟದಲ್ಲಿ ಒಟ್ಟು ಆವಿಶೀಲ ಸಂಯುಕ್ತಗಳು ಘನ ಮೀಟರಿಗೆ 220 ಮೈಕ್ರೊಗ್ರಾಂ, ಫಾರ್ಮಾಲ್ಡಿಹೈಡ್ ಸುಮಾರು 9 ಮೈಕ್ರೊಗ್ರಾಂ ಮೀರಬಾರದು. ಸರ್ಟಿಪುರ್ ಎಂಬ ಮುದ್ರೆ ಕಂಡರೆ ಒಳಗೆ ಪಾಲಿಯುರಿಥೇನ್ ಇದೆ ಎಂದೇ ಅರ್ಥ, ಅದು ಆ ಫೋಮಿಗಷ್ಟೇ ಕೊಡುವ ಮುದ್ರೆ. ಸೋಯಾ ಫೋಮ್, ಸಸ್ಯಮೂಲದ ಫೋಮ್ ಎಂಬವೂ ಪಾಲಿಯುರಿಥೇನೇ. ಪಾಲಿಯಾಲಿನ ಒಂದು ಭಾಗವನ್ನಷ್ಟೇ ಎಣ್ಣೆಬೀಜದಿಂದ ಪಡೆದಿರುತ್ತಾರೆ.

ಮುದ್ರೆ ಯಾವ ಪದರದ್ದು ಎಂದು ಕೇಳುವುದು ಅಗತ್ಯ. ಹೊದಿಕೆ ಬಟ್ಟೆಗೆ ಸಿಕ್ಕ ಪತ್ರವನ್ನು ಇಡೀ ಹಾಸಿಗೆಯದೆಂಬಂತೆ ತೋರಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ಪತ್ರದ ಮೇಲಿನ ಪರವಾನಗಿ ಸಂಖ್ಯೆಯನ್ನು ಗಾಟ್ಸ್ ಮತ್ತು ಓಕೊ ಟೆಕ್ಸ್ ಸಂಸ್ಥೆಗಳ ಸಾರ್ವಜನಿಕ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ, ತಮ್ಮ ಹಾಸಿಗೆಯಲ್ಲಿ ವಿಒಸಿ ಇಲ್ಲವೇ ಇಲ್ಲ ಎಂದು ಆಧಾರವಿಲ್ಲದೆ ಹೇಳಿಕೊಂಡ ಮೂರು ಕಂಪನಿಗಳನ್ನು ತಡೆಯಿತು. 2017ರಲ್ಲಿ ಮಕ್ಕಳ ಹಾಸಿಗೆಯ ಕಂಪನಿಯೊಂದು ತಾನೇ ರಚಿಸಿಕೊಂಡ ಹಸಿರು ಮುದ್ರೆಯನ್ನು ಹೊರಗಿನವರು ಕೊಟ್ಟದ್ದೆಂಬಂತೆ ತೋರಿಸಿದ್ದಕ್ಕೆ ಕ್ರಮ ಕೈಗೊಂಡಿತು.

ಭಾರತದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹಸಿರು ಸೋಗಿನ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ನ್ಯಾಚುರಲ್, ಆರ್ಗ್ಯಾನಿಕ್, ಇಕೊ ಫ್ರೆಂಡ್ಲಿ ಮುಂತಾದ ಪದಗಳನ್ನು ತಕ್ಕ ವಿವರಣೆ ಮತ್ತು ಆಧಾರವಿಲ್ಲದೆ ಬಳಸುವಂತಿಲ್ಲ. ಆರ್ಥೊ ಎಂಬ ಪದದ ಬಗೆಗೂ ಹುಷಾರಾಗಿರಬೇಕು. ಆ ಹೆಸರಿನ ಎಷ್ಟೋ ಹಾಸಿಗೆಗಳ ಒಡಲು ಫೋಮಿನ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಬಾಂಡೆಡ್ ಫೋಮ್. ಬೆನ್ನುನೋವಿಗೆ ಹಲಗೆಯಂಥ ಗಟ್ಟಿ ಹಾಸಿಗೆಯೇ ಮದ್ದೆಂಬ ನಂಬಿಕೆಗೂ ಆಧಾರ ಕಡಿಮೆ. ಸ್ಪೇನಿನ ಸಂಶೋಧಕರು ದೀರ್ಘಕಾಲದ ಸೊಂಟನೋವಿನ 313 ಮಂದಿಯನ್ನು ಪರೀಕ್ಷಿಸಿ 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದಂತೆ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದು ಹೆಚ್ಚು ಉಪಶಮನ ಕೊಟ್ಟಿತು.

ಊರು, ಹವೆ, ಮನೆ

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಅರಳೆ ಹಾಸಿಗೆಗೆ ಬೂಷ್ಟು ಹಿಡಿಯುವುದು ಖಂಡಿತ. ಅಲ್ಲಿಗೆ ನಾರು ಅಥವಾ ಲೇಟೆಕ್ಸ್, ಅದೂ ಹಲಗೆಪಟ್ಟಿಗಳ ನಡುವೆ ಗಾಳಿಯಾಡುವ ಮಂಚದ ಮೇಲೆ, ಸೂಕ್ತ. ಗಾಳಿಯ ತೇವ 50 ಶೇಕಡಾಕ್ಕಿಂತ ಕೆಳಗಿಳಿದರೆ ಧೂಳುಹುಳ ಬಾಳುವುದಿಲ್ಲ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಅರಳೆ ಹಾಸಿಗೆಗೆ ಈ ಅನುಕೂಲವಿದೆ, ಮಾಳಿಗೆಯ ಬಿಸಿಲೂ ಇದೆ. ಅರಳೆ ಹಾಸಿಗೆಯನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುವ ಹಳೆಯ ರೂಢಿ ವೈಜ್ಞಾನಿಕವಾಗಿಯೂ ಸರಿ. ಇದೇ ಉಪಚಾರವನ್ನು ಲೇಟೆಕ್ಸಿಗೆ ಮಾಡಿದರೆ ಹಾಳಾಗುತ್ತದೆ: ನೇರ ಬಿಸಿಲಿನಲ್ಲಿ ರಬ್ಬರ್ ಹಳದಿಗಟ್ಟಿ ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೆ ನೆರಳಿನ ಗಾಳಿ ಸಾಕು. ಕಾಯರ್ ಹಾಸಿಗೆಯನ್ನು ಮೂರು ತಿಂಗಳಿಗೊಮ್ಮೆ ತಲೆ ಕಾಲು ಬದಲಿಸಿ, ಮಗುಚಿ ಹಾಕದಿದ್ದರೆ ಸೊಂಟದ ಕಡೆ ಕುಳಿ ಬೀಳುತ್ತದೆ.

ಶಿಶುವಿನ ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮುಖ ಹುದುಗುವಷ್ಟು ಮೆತ್ತನೆಯ ಬೂರುಗದ ಹಾಸಾಗಲಿ, ದಿಂಬಾಗಲಿ, ಎಷ್ಟೇ ಸಹಜವಾಗಿದ್ದರೂ ಒಂದು ವರ್ಷದೊಳಗಿನ ಮಗುವಿಗೆ ಬೇಡ, ಉಸಿರುಗಟ್ಟುವ ಅಪಾಯವಿದೆ. ಯಾವ ಹಾಸಿಗೆಯೇ ಆದರೂ ಹೊಸದನ್ನು ಪ್ಲಾಸ್ಟಿಕ್ ತೆಗೆದು ಒಂದು ವಾರವಾದರೂ ಕಿಟಕಿ ತೆರೆದ ಕೋಣೆಯಲ್ಲಿ ನಿಲ್ಲಿಸಿಟ್ಟು ಆಮೇಲೆ ಮಲಗುವುದು ಒಳ್ಳೆಯದು. ಇದಕ್ಕೆ ಕಾಸು ಖರ್ಚಿಲ್ಲ.

ಹಾಸಿಗೆಯ ಆಯುಸ್ಸು ಮುಗಿದಾಗಲೂ ವಸ್ತುಗಳ ವ್ಯತ್ಯಾಸ ಎದ್ದು ಕಾಣುತ್ತದೆ. ನಾರು ಮತ್ತು ಹತ್ತಿ ತೋಟದ ಗೊಬ್ಬರಗುಂಡಿಗೆ ಹೋಗಬಲ್ಲವು, ಅಂಟಿಸಿದ ಫೋಮನ್ನು ಮೊದಲು ಕಿತ್ತರೆ. ಬೇಯಿಸಿದ ರಬ್ಬರ್ ಕರಗಲು ಬಹುಕಾಲ ಬೇಕು. ಪಾಲಿಯುರಿಥೇನನ್ನು ಬಾಂಡೆಡ್ ಫೋಮ್ ಮಾಡುವವರು ಕೊಂಡರೆ ಸರಿ, ಇಲ್ಲವಾದರೆ ಅದು ಕಸದ ಗುಡ್ಡಕ್ಕೆ.

ಕೊಳ್ಳುವಾಗ ಜಿಪ್ ಇರುವ ಹೊದಿಕೆಯನ್ನೇ ಕೇಳಿ, ಅಂಗಡಿಯಲ್ಲೇ ತೆರೆದು ಪದರಗಳನ್ನು ನೋಡಿ. ಪ್ರತಿ ಪದರದ ವಸ್ತು, ದಪ್ಪ, ಸಾಂದ್ರತೆ, ಅಂಟು ನೀರಿನದೋ ದ್ರಾವಕದ್ದೋ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಸಹಜ ಹಾಸಿಗೆ ಕೊಳ್ಳಬೇಡಿ. ಬರೆದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಬಹುದು.